ಪೆಟ್ರೋಲಿನ ಮುಳ್ಳು ನಿಲ್ಲಲಿಲ್ಲ

ವಿಮಾನ ಕಟ್ಟುವುದು ಕಷ್ಟವಲ್ಲ, ಹೆಂಡತಿಯನ್ನು ಒಪ್ಪಿಸುವುದು ಕಷ್ಟ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ಕುಬಿಹಾಳದ ಹೊಲದಲ್ಲಿ, ಮೆಣಸಿನಕಾಯಿ ಚೀಲ ಇಡುತ್ತಿದ್ದ ತಗಡಿನ ಶೆಡ್ಡಿನೊಳಗೆ, ಬಿಡಿಭಾಗ ತರಿಸಿ ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ಜೋಡಿಸಿದೆ. ಸರಕಾರದ ಕಾಗದಪತ್ರಗಳೂ ಒಂದೊಂದಾಗಿ ಬಂದವು. ಮನೆಯವಳು ಮಾತ್ರ ಒಂದು ಶರತ್ತು ಹಾಕಿದಳು. ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಒತ್ತಡದಿಂದ ಬರುತ್ತಿದೆ ಎಂದು ತೋರಿಸುವ ಮೀಟರಿನ ಮುಳ್ಳು ಅವಳ ಕಣ್ಣೆದುರು ಹತ್ತು ನಿಮಿಷ ಅಲುಗಾಡದೆ ನಿಲ್ಲಬೇಕು. ಆಮೇಲೆ ನಾನು ಹಾರಬಹುದು. ಇಲ್ಲವಾದರೆ ಶೆಡ್ಡಿಗೆ ಮತ್ತೆ ಮೆಣಸಿನಕಾಯಿ.

"ಮ್ಯಾಲೆ ಹೋದಾಗ ಪೆಟ್ರೋಲ್ ನಿಂತ್ರ ಬಾಜೂಕ ಗಾಡಿ ನಿಲ್ಲಿಸಾಕ ಬರ್ತೈತೇನ್ರಿ?" ಎಂದು ಕೇಳಿದ್ದಳು.

ಮುಳ್ಳಿಗೋ ಹುಚ್ಚು ಹಿಡಿದಿತ್ತು. ಎಂಜಿನ್ ಚಾಲೂ ಮಾಡಿದರೆ ಸೊನ್ನೆಗೆ ಬೀಳುತ್ತಿತ್ತು, ಮರುಕ್ಷಣ ಕೆಂಪು ಗೆರೆ ದಾಟುತ್ತಿತ್ತು. ಫಿಲ್ಟರ್ ಬದಲಿಸಿದೆ, ಪೈಪು ಬದಲಿಸಿದೆ, ಕೊನೆಗೆ ಪಂಪನ್ನೇ ಬದಲಿಸಿದೆ. ಅದು ಕುಣಿಯುತ್ತಲೇ ಇತ್ತು. ತಲೆಕೆಟ್ಟು, ಹೊಸ ಪಂಪು ಕೂಡಿಸಿಕೊಟ್ಟಿದ್ದ ಕಾಕಾರ ಮೇಲೆ ಹರಿಹಾಯ್ದೆ. ಕಾಕಾ ಎಂದರೆ ನಮ್ಮ ಸುತ್ತಿನ ಬೋರಿನ ಮೋಟರು, ಟ್ರ್ಯಾಕ್ಟರು ಎಲ್ಲ ರಿಪೇರಿ ಮಾಡುವ ಹಿರಿಯರು.

"ನೀವು ಕೂಡಿಸಿದ್ದರಾಗ ಎಲ್ಲೋ ಗಾಳಿ ಎಳ್ಯಾಕತ್ತೈತಿ ಕಾಕಾ. ಬೋರಿನ ಮೋಟರ್ ಅಲ್ಲರಿ ಇದು."

"ಬೈಯೋದು ಮುಗೀತೇನ್ರಿ ಸರ? ಹಂಗಾದ್ರ ಪಾನಾ ಕೊಡ್ರಿ," ಎಂದು ಕಾಕಾ ಸ್ಪ್ಯಾನರಿಗೆ ಕೈ ಚಾಚಿದರು.

ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪಿನ ಹಳೆಯ ಮೀಟರೊಂದನ್ನು ತಂದು ಅದೇ ಪೈಪಿಗೆ ಹಚ್ಚಿದರು. ಎಂಜಿನ್ ಗುಡುಗಿದರೂ ಅದರ ಮುಳ್ಳು ಮಿಸುಕಲಿಲ್ಲ. "ಪೆಟ್ರೋಲ್ ಅಗದಿ ಬರೋಬರಿ ಬರಾಕತ್ತೈತ್ರಿ. ನಿಮ್ಮ ಮೀಟರ್ ಸುಳ್ಳು ಹೇಳ್ತೈತಿ," ಎಂದು ಎಂಜಿನ್ ಬಂದ್ ಮಾಡಿಸಿ, ಒತ್ತಡ ಅಳೆದು ಮೀಟರಿಗೆ ತಿಳಿಸುವ ಸೆನ್ಸರನ್ನು ಬಿಚ್ಚಿದರು. ಅದರ ತಿರುಪಿನ ತುಂಬ ಬಿಳಿ ಟೇಪು, ಸುತ್ತಿನ ಮೇಲೆ ಸುತ್ತು.

"ಇದನ್ನ ಯಾರು ಸುತ್ಯಾರ್ರಿ?"

ನಾನೇ. ಬೋರಿಗೆ ಪೈಪು ಇಳಿಸುವಾಗ ಒಂದು ಜೋಡಣೆ ಸೋರಿದರೂ ಎಲ್ಲವನ್ನೂ ಮೇಲೆತ್ತಬೇಕು. ಆ ಹೆದರಿಕೆಗೆ ನಮ್ಮ ಕಡೆ ಟೇಪು ಸುತ್ತುವಾಗ ಯಾರೂ ಕೈ ಬಿಗಿಹಿಡಿಯುವುದಿಲ್ಲ. ಆದರೆ ಈ ಸೆನ್ಸರಿಗೆ ಇರುವುದು ಒಂದೇ ವೈರು. ಅದರ ಕರೆಂಟು ತಿರುಪಿನ ಮೂಲಕವೇ ಎಂಜಿನ್ನಿನ ಮೈಗೆ ಹೋಗಬೇಕು. ಆ ದಾರಿಗೇ ನಾನು ಟೇಪು ಸುತ್ತಿ ಅಡ್ಡಗಟ್ಟಿದ್ದೆ. ಎಂಜಿನ್ ನಡುಗಿದಾಗ ತಿರುಪು ಒಮ್ಮೆ ತಾಗುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಕರೆಂಟಿಗೆ ಹೋಗುವ ದಾರಿಯಷ್ಟೇ ತಿರುಗಿ ಬರುವ ದಾರಿಯೂ ಬೇಕು ಎಂದು ಮಕ್ಕಳಿಗೆ ಬೆತ್ತ ಹಿಡಿದು ಕಲಿಸಿದವನು ನಾನು. ಕಾಕಾರ ಮುಖ ನೋಡಲು ನಾಚಿಕೆಯಾಯಿತು.

"ತಪ್ಪಾತ್ರಿ ಕಾಕಾ."

"ಇರ್ಲಿ ಬಿಡ್ರಿ. ಬೋರಿಗಾಗಿದ್ರ ಅಗದಿ ಚಲೋ ಸುತ್ತಿದ್ರಿ."

ಟೇಪು ಕೆರೆದು, ತಾಮ್ರದ ವಾಶರ್ ಹಾಕಿ ಬಿಗಿದೆವು. ವಿಮಾನವನ್ನು ಹೊರಗೆ ತಳ್ಳಿ, ಚಕ್ರಗಳಿಗೆ ಕಲ್ಲು ಕೊಟ್ಟು, ಮನೆಯವಳನ್ನು ಬಾಜೂ ಸೀಟಿನಲ್ಲಿ ಕೂಡಿಸಿಕೊಂಡೆ. ಅವಳು ಮೊಬೈಲಿನಲ್ಲಿ ವೇಳೆ ನೋಡುತ್ತ ಕೂತಳು. ಹತ್ತು ನಿಮಿಷ ಮುಳ್ಳು ಮೊಳೆ ಹೊಡೆದ ಹಾಗೆ ನಿಂತಿತ್ತು. ಗೆದ್ದೆನೆಂದು ಎಂಜಿನ್ ಬಂದ್ ಮಾಡಿ, ಮೀಸೆ ತಿರುವುತ್ತ ಅವಳತ್ತ ನೋಡಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಯಾಕ, ಏನಾತು? ಮುಳ್ಳು ನಿಂತೈತಲ್ಲ?"

"ಅದಕ್ಕ ರೀ," ಎಂದಳು. "ಅದು ಕುಣಿಯಾಕತ್ತಿದ್ದಷ್ಟು ದಿನ ನಾನು ನಿಶ್ಚಿಂತಿಂದ ನಿದ್ದಿ ಮಾಡ್ತಿದ್ದೆ."