ಎಲ್ಲ ಮದುವೆಗಳೂ ಒಂದೇ ಗುರುವಾರ

ಅದು ಗುರುವಾರ ಎಂದು ಕಂಪ್ಯೂಟರ್ ಹೇಳುತ್ತದೆ. ನನಗೆ ಭಾನುವಾರವೆಂದೇ ನೆನಪು. ಡೊಂಬಿವಲಿಯ ಅತ್ತಿಗೆಯ ಮನೆಗೆ ನಾನು ಹೋಗುವುದು ಭಾನುವಾರಗಳಲ್ಲಿ. ಕಲ್ಯಾಣ ಸ್ಟೇಷನ್ನಿನಿಂದ ಹೊರಟ ಲೋಕಲ್‌ನಲ್ಲಿ ಕೂರಲು ಜಾಗ ಸಿಗುವುದೂ ಆ ದಿನವೇ. ಆದರೆ ಕಡತಗಳ ಮೇಲೆಲ್ಲ ಗುರುವಾರದ ತಾರೀಖು ಬಿದ್ದಿತ್ತು. ರಜೆ ಹಾಕಿ ಹೋಗಿದ್ದೆನೋ ಏನೋ. ಯಂತ್ರವನ್ನು ನಂಬುತ್ತೇನೆ, ನನ್ನನ್ನು ನಂಬುವುದಕ್ಕಿಂತ ಅದು ಸುಲಭ. ಇನ್ನೊಂದು ಮಾತು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಆ ಮಾತುಗಳು ಆಗಲೇ ಒಂದು ಸಲ ಮನೆ ಬದಲಿಸಿವೆ.

ಅತ್ತಿಗೆಯದು ಮದುವೆ ಕಾಗದದ ಕೆಲಸ. ನಮ್ಮ ಕಡೆಯವರ ಮದುವೆ, ಮುಂಜಿ, ಗೃಹಪ್ರವೇಶದ ಕರೆಯೋಲೆಗೆ ಇಲ್ಲಿ ಎರಡು ಮುಖ. ಒಂದು ಬದಿ ಕಟ್ಟಡದ ಸೊಸೈಟಿಯವರಿಗೆ, ಆಫೀಸಿನವರಿಗೆ ಎಂದು ಮರಾಠಿಯೋ ಇಂಗ್ಲಿಷೋ. ಇನ್ನೊಂದು ಬದಿ ನೆಂಟರಿಗೆ ಕನ್ನಡ. ವಿಠ್ಠಲವಾಡಿಯ ಪ್ರೆಸ್ಸಿನವರಿಗೆ ಕನ್ನಡ ಬಾರದು. ಅಲ್ಲಿಗೆ ಆ ಬದಿ ಅತ್ತಿಗೆಯ ಮನೆಯಿಂದಲೇ ಹೋಗಬೇಕು. ಅಣ್ಣ ಇದ್ದಾಗ ಒಕ್ಕಣೆ ಅವನದು, ಬೆರಳು ಇವರದು. ಅವನು ತೀರಿಕೊಂಡ ಮೇಲೆ ಎರಡೂ ಇವರದೇ. ಅವರು ಪುಟ ಜೋಡಿಸುವ ತಂತ್ರಾಂಶವನ್ನು ಅದನ್ನು ಮಾಡಿದ ಕಂಪನಿಯೇ ಮರೆತುಬಿಟ್ಟಿದೆ. ಕನ್ನಡ ಟೈಪಿಂಗಿನದು ಅದಕ್ಕಿಂತಲೂ ಹಳತು. ಅತ್ತಿಗೆ ಕೀಲಿಮಣೆಯನ್ನು ನೋಡುವುದಿಲ್ಲ. ‘ಶ್ರೀ’ ಎಲ್ಲಿದೆ ಎಂದು ಕೇಳಿದರೆ ಬಾಯಲ್ಲಿ ಹೇಳಲಾರರು. ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಾರೆ.

ಇವೆರಡೂ ನಡೆಯುತ್ತಿದ್ದದ್ದು ವಿಂಡೋಸಿನಲ್ಲಿ. ಆ ವಿಂಡೋಸಿಗೆ ಇನ್ನು ಮುಂದೆ ರಕ್ಷಣೆ ಇಲ್ಲ, ಹೊಸದು ಹಾಕಿಕೊಳ್ಳಿ ಎಂಬ ಸೂಚನೆ ದಿನವೂ ಪರದೆಯ ಮೇಲೆ ಬರತೊಡಗಿತು. ಹೊಸದನ್ನು ಹಾಕಹೋದರೆ ಈ ಯಂತ್ರಕ್ಕೆ ಆ ಯೋಗ್ಯತೆ ಇಲ್ಲ ಎಂದು ಅದೇ ಪರದೆ ಹೇಳಿತು. ಅತ್ತಿಗೆಗೆ ಆದ ಅವಮಾನ ಯಂತ್ರಕ್ಕಾದದ್ದಕ್ಕಿಂತ ಹೆಚ್ಚು.

ಅಮ್ಮನನ್ನು ತನ್ನ ಹತ್ತಿರ ಕರೆಸಿಕೊಳ್ಳಲು ಅವರ ಮಗಳಿಗೆ ಇದು ಒಳ್ಳೆಯ ನೆಪವಾಯಿತು. ಆಕೆ ಖಾರಘರದಲ್ಲಿ, ಗುಡ್ಡದ ಬುಡದ ಎತ್ತರದ ಕಟ್ಟಡವೊಂದರಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಿ, ಅದು ಮುರಿದು, ಈಗ ಅವಳ ಪಾಡಿಗೆ ಅವಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ. ನಮ್ಮ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕನ್ನಡ ಓದಲು ಬಾರದು. ನನ್ನನ್ನು ಚಿಕ್ಕಪ್ಪ ಎನ್ನದೆ ಕಾಕಾ ಎನ್ನುತ್ತಾಳೆ.

“ಬಸ್ ಕರೋ ನಾ ಅಮ್ಮಾ ಅಬ್. ಮಶೀನ್ ಭೀ ಥಕ್ ಗಯಾ. ಖಾರಘರ ಆ ಜಾವ್.” ಯಂತ್ರವೂ ದಣಿಯಿತು, ಇನ್ನು ಸಾಕು ಎಂದು ಅವಳ ಮಾತು.

“ಬಂದು ಎಂತ ಮಾಡಲಿ? ನಿನ್ನ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗ್ತಾ ಇರಲಾ?”

ನನ್ನ ಕಡೆಗೆ ತಿರುಗಿ ಅತ್ತಿಗೆ ಮೆಲ್ಲಗೆ ಹೇಳಿದ್ದು ಬೇರೆ. “ಇದೊಂದು ನಿಂತರೆ ಹೋಗುವುದೇ ಮಾರಾಯ. ಸುಮ್ಮನೆ ಕೂತರೆ ಈ ಮನೆಯಲ್ಲಿ ನಾನು ಯಾರು?”

ನಾನು ಕೆಲವು ವರ್ಷಗಳಿಂದ ವಿಂಡೋಸಿನ ಬದಲು, ಹಳೆಯ ಯಂತ್ರದಲ್ಲೂ ಪುಕ್ಕಟೆ ನಡೆಯುವ ಲಿನಕ್ಸ್ ಬಳಸುವವನು. ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಉತ್ಸಾಹ ನನಗೆ ಇನ್ನೂ ಇಳಿದಿಲ್ಲ. ನಾನು ಮಾಡಿಕೊಡುತ್ತೇನೆ, ನಿಮಗೆ ಬೇಕೇ ಬೇಕಾದದ್ದು ಏನೇನು ಹೇಳಿ ಎಂದೆ. ಅವರು ಆ ಎರಡು ತಂತ್ರಾಂಶಗಳನ್ನು ಹೇಳಿದರು. ಬೇರೇನೂ ಬೇಡವಾ ಎಂದು ಮತ್ತೆ ಕೇಳಿದೆ. “ಬೇರೆ ಎಂತ ಉಂಟು ಅದರಲ್ಲಿ?” ಎಂದರು.

ವಿಂಡೋಸಿನ ತಂತ್ರಾಂಶವನ್ನು ಲಿನಕ್ಸಿನಲ್ಲಿ ನೇರವಾಗಿ ನಡೆಸುವ ಉಪಾಯವೊಂದಿದೆ. ಅದರಲ್ಲಿ ಪುಟ ತೆರೆಯಿತು, ಅಕ್ಷರ ಬೀಳಲಿಲ್ಲ. ಕೀಲಿ ಒತ್ತಿದರೆ ಇಂಗ್ಲಿಷೇ ಬರುತ್ತಿತ್ತು. ಕೊನೆಗೆ ಲಿನಕ್ಸಿನ ಒಳಗೆ ಒಂದು ಪೆಟ್ಟಿಗೆಯಂಥದ್ದನ್ನು ಮಾಡಿ, ಅದರೊಳಗೆ ಅವರ ಹಳೆಯ ವಿಂಡೋಸನ್ನು ಇಂಟರ್ನೆಟ್ಟಿನ ಗಾಳಿ ತಾಗದ ಹಾಗೆ ಕೂರಿಸಿದೆ. ಹೊರಗಿನ ಲೋಕಕ್ಕೆಲ್ಲ ಲಿನಕ್ಸ್, ಕಾಗದದ ಕೆಲಸಕ್ಕೆ ಮಾತ್ರ ಪೆಟ್ಟಿಗೆ.

ಅತ್ತಿಗೆ ಕನ್ನಡಕ ಏರಿಸಿ ನೋಡಿದರು. “ಅಂದರೆ ಹೊಸ ಮನೆಗೆ ಹೋಗಿ, ಹಳೇ ಮನೆಯನ್ನು ಕಪಾಟಿನೊಳಗೆ ಇಟ್ಟ ಹಾಗಾ?”

“ಹಾಗೇ.”

“ಬೀಗದಕೈ ನನ್ನ ಹತ್ತಿರವೇ ಇರಲಿ.” ಕೂತು ಟೈಪು ಮಾಡಿದರು. ಶ್ರೀ ಬಿತ್ತು. ಅದರ ಕೆಳಗೆ ಮನೆದೇವರ ಪ್ರಸನ್ನವೂ ಬಿತ್ತು. ನಾನು ಗೆದ್ದೆ ಎಂದುಕೊಂಡೆ. ಅವರು ಚಹಾ ಮಾಡಲು ಎದ್ದರು, ನಿಂತರು, ಮತ್ತೆ ಕೂತರು. ಕರೆಯೋಲೆಗಳ ಕಡತ ತೆರೆದಿದ್ದರು.

“ಇದೆಂತ? ಎಲ್ಲ ಮದುವೆಯೂ ಒಂದೇ ದಿನ ಆದದ್ದಾ?”

ನಾನು ಕಡತಗಳನ್ನು ನಕಲಿಸಿಕೊಂಡದ್ದು ಲಿನಕ್ಸಿನ ಆಜ್ಞೆಯೊಂದರಿಂದ. ಹಳೆಯ ತಾರೀಖುಗಳನ್ನು ಉಳಿಸು ಎಂದು ಅದಕ್ಕೆ ಬೇರೆಯಾಗಿ ಹೇಳಬೇಕು, ಹೇಳಿರಲಿಲ್ಲ. ಅಷ್ಟೂ ಕರೆಯೋಲೆಗಳ ಎದುರು ನಕಲಾದ ದಿನ ಕೂತಿತ್ತು: ಆ ಗುರುವಾರ. ಮೂಲದ ಡಿಸ್ಕನ್ನು ಅಷ್ಟರಲ್ಲಿ ಅಳಿಸಿ ಆಗಿತ್ತು.

ಅಕ್ಷರ ಒಂದೂ ಹಾಳಾಗಿಲ್ಲವಲ್ಲ ಅತ್ತಿಗೆ, ತಾರೀಖು ಏಕೆ ಎಂದೆ. ಅವರ ಕೆಲಸದ ಕ್ರಮ ಆಗ ನನಗೆ ತಿಳಿಯಿತು. ಹೊಸ ಕಾಗದವನ್ನು ಅವರು ಖಾಲಿ ಪುಟದಿಂದ ಶುರು ಮಾಡುವುದಿಲ್ಲ. ಹಿಂದಿನ ಒಂದನ್ನು ತೆರೆದು ಅದರ ಮೇಲೆ ಹೆಸರು, ಮುಹೂರ್ತ ಬದಲಿಸುತ್ತಾರೆ. ಯಾವುದೋ ಒಂದಲ್ಲ, ಚೆನ್ನಾಗಿ ಬಾಳುತ್ತಿರುವ ಜೋಡಿಯದ್ದೇ ಆಗಬೇಕು. ಸಾವು ನೋವು ಕಂಡ ಮನೆಯದ್ದು, ಬಿಟ್ಟುಹೋದವರದ್ದು ಬೇಡ. ಹೆಪ್ಪಿಗೆ ಒಳ್ಳೆ ಮೊಸರೇ ಬೇಕಲ್ಲವಾ ಎಂದರು. ಕಡತಗಳ ಹೆಸರೋ, ‘ಲಗ್ನ ಹೊಸದು’, ‘ಲಗ್ನ ಹೊಸದು ಸರಿ’, ‘ಲಗ್ನ ಕೊನೆ’. ಯಾವುದು ಯಾರದು ಎಂದು ಅವರು ಗುರುತಿಸುತ್ತಿದ್ದದ್ದು ತಾರೀಖಿನಿಂದ. ನಾನು ಕೇಳಿದಾಗ ಹೇಳದ ಮೂರನೆಯ ತಂತ್ರಾಂಶ ಅದು.

ಕಲ್ಯಾಣದ ಹೋಟೆಲಿನವರೊಬ್ಬರ ಮಗಳ ಮದುವೆ ಕಾಗದ ಪ್ರೆಸ್ಸಿಗೆ ಹೋಗಬೇಕಿತ್ತು. ಇಬ್ಬರೂ ಕೂತು ಒಂದೊಂದನ್ನೇ ತೆರೆಯತೊಡಗಿದೆವು. ಲಿನಕ್ಸಿನಲ್ಲಿ ಕಡತವನ್ನು ಮುಟ್ಟಿ ಅದಕ್ಕೆ ಬೇಕಾದ ತಾರೀಖು ಅಂಟಿಸುವ ಆಜ್ಞೆಯೊಂದಿದೆ. ಅತ್ತಿಗೆ ಹೇಳಿದ್ದನ್ನು ನಾನು ಅಂಟಿಸುತ್ತಾ ಹೋಗುವುದು ಎಂದಾಯಿತು. ಒಳಗೆ ಮುಹೂರ್ತದ ದಿನ ಇರುತ್ತಿತ್ತು. ಕಾಗದ ಬರೆದದ್ದು ಅದಕ್ಕೆ ಎಷ್ಟು ಮುಂಚೆ ಎನ್ನುವುದು ಅವರ ನೆನಪು.

“ಇವರದ್ದು ಒಳ್ಳೆದು. ಎರಡು ಮಕ್ಕಳು. ಇದು ಬೇಡ, ಮುಚ್ಚು, ಅವಳು ಈಗ ಇಲ್ಲ. ಇದು... ಆ ಮದುವೆಯಲ್ಲಿ ನೀನು ಪಾಯಸ ಬಡಿಸಿದ್ದಿ.”

“ನಾನು ಆ ಮದುವೆಗೆ ಬಂದೇ ಇಲ್ಲ ಅತ್ತಿಗೆ.”

“ಬಂದಿಲ್ಲದವ ಪಾಯಸ ಕಾಲ ಮೇಲೆ ಹೇಗೆ ಚೆಲ್ಲಿಕೊಂಡ?”

ನಾನು ಬಂದಿರಲಿಲ್ಲ. ಈಗ ಬರೆಯುವಾಗ ಪಾದದ ಮೇಲೆ ಬಿಸಿ ಬಿದ್ದದ್ದು ಸರಿಯಾಗಿ ನೆನಪಿದೆ, ಬಾಳೆಲೆಯ ಸಾಲು ಕೂಡ. ಆ ಮಧ್ಯಾಹ್ನಕ್ಕೆ ಮುಂಚೆ ಈ ನೆನಪು ನನ್ನಲ್ಲಿ ಇರಲಿಲ್ಲ ಎಂದು ಪ್ರಮಾಣ ಮಾಡಬಲ್ಲೆ. ಯಾರ ಮುಂದೆ ಎಂಬುದು ಬೇರೆ ಮಾತು. ಅತ್ತಿಗೆ ಹೇಳಿದ ತಾರೀಖುಗಳೆಲ್ಲ ಇಂಥವೇ ಇರಬಹುದು. ನಾನು ಅವನ್ನೇ ಅಂಟಿಸಿದೆ, ಯಂತ್ರ ಚಕಾರ ಎತ್ತದೆ ಒಪ್ಪಿಕೊಂಡಿತು.

ಹಾಗೆ ತೆರೆಯುತ್ತಾ ಒಂದು ಖಾಲಿ ಕಾಗದ ಸಿಕ್ಕಿತು. ವಧು, ವರ, ತಂದೆ, ತಾಯಿ, ಮುಹೂರ್ತ, ಸಭಾಗೃಹ, ಎಲ್ಲದರ ಜಾಗದಲ್ಲೂ ಬರೀ ಚುಕ್ಕಿಗಳು.

“ನೋಡು, ಹೆಸರು ತೆಗೆದೇ ಇಟ್ಟಿದ್ದೇನೆ. ಬಹಳ ಒಳ್ಳೆ ಮದುವೆಯದ್ದಿರಬೇಕು, ಇಲ್ಲದಿದ್ದರೆ ಹೀಗೆ ಜೋಪಾನ ಮಾಡ್ತಿದ್ದೆನಾ? ಸಾಕು, ಇದರಲ್ಲೇ ಮಾಡುವ.”

ಮಾಡಿದರು. ಪೆಟ್ಟಿಗೆಯೊಳಗಿನ ಪರದೆ ಮೊದಲಿಗಿಂತ ಚಿಕ್ಕದು. ಪುಟದ ಬುಡ ಅದರ ಅಂಚಿಗಿಂತ ಕೆಳಗಿತ್ತು. ಹಳೆಯದರಲ್ಲಿ ಇಡೀ ಪುಟ ಒಂದೇ ನೋಟಕ್ಕೆ ಕಾಣುತ್ತಿತ್ತು. ಇದರಲ್ಲಿ ಕೆಳಗೆ ಇಳಿಸಿ ನೋಡಬೇಕು ಎನ್ನುವುದು ಅವರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕರಡನ್ನು ಹೋಟೆಲಿನವರ ಮೊಬೈಲಿಗೆ ಕಳಿಸಿದೆವು.

ಅವರ ಫೋನು ಬಂತು. ಸ್ಪೀಕರಿನಲ್ಲಿ ಪಾತ್ರೆಗಳ ಸದ್ದು, ಆರ್ಡರಿನ ಕೂಗು, ನಡುವೆ ಅವರ ನಗು.

“ಅಕ್ಕಾ, ಕಾಗದ ಫಸ್ಟ್ ಕ್ಲಾಸ್! ಅದರ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದೀರಲ್ಲ, ‘ಲೋಕಲ್ ತಪ್ಪುತ್ತದೆಂದು ಊಟ ಬಿಟ್ಟು ಓಡಬೇಡಿ’ ಅಂತ. ಅಡಿಗೆ ಭಟ್ಟರು ಸಹ ಓದಿ ನಗಾಡಿದ್ರು.”

ಅತ್ತಿಗೆಯ ಕೈ ಬಾಯಿಗೆ ಹೋಯಿತು. “ಅದು ತಪ್ಪಿ ಉಳಿದದ್ದು, ತೆಗೀತೇನೆ” ಎಂದರು.

“ತೆಗೀಬೇಡಿ ಮಾರಾಯ್ರೆ! ನಾನು ಹೋಟೆಲಿನವ. ಊಟ ಬಿಟ್ಟು ಹೋಗ್ಬೇಡಿ ಅಂತ ನನ್ನ ಕಾಗದದಲ್ಲಿ ಇರದೆ ಮತ್ತೆ ಯಾರದ್ದರಲ್ಲಿ ಇರ್ಬೇಕು?”

ಫೋನಿಟ್ಟ ಮೇಲೆ ಅತ್ತಿಗೆ ಹೇಳಿದರು. ಆ ಸಾಲು ಅಣ್ಣನದು. ಅವನು ಅದನ್ನು ಬರೆದದ್ದು ಒಂದೇ ಒಂದು ಕಾಗದಕ್ಕೆ, ತನ್ನ ಮಗಳದಕ್ಕೆ. ಆ ಮದುವೆ ಮುರಿದಾಗ ಕಡತವನ್ನು ಅಳಿಸಿಬಿಡಲು ಅತ್ತಿಗೆ ಕೂತಿದ್ದರಂತೆ. ಕೈ ಬರಲಿಲ್ಲ. ಹೆಸರುಗಳನ್ನು ಮಾತ್ರ ಒಂದೊಂದಾಗಿ ತೆಗೆದು ಚುಕ್ಕಿ ಇಟ್ಟರು. ಬುಡದ ಸಾಲಿನವರೆಗೆ ಹೋಗಲಿಲ್ಲ.

“ಆ ಹುಡುಗಿಗೆ ಎಂತದಾದ್ರೂ ಆದರೆ?” ಎಂದರು. ಅಂಥದ್ದೆಲ್ಲ ಏನೂ ಆಗುವುದಿಲ್ಲ ಎಂದು ನಾನು ಹೇಳಬೇಕಿತ್ತು. ನಾನು ನಂಬದವನು, ಆದರೂ ಪರದೆಯ ಮೇಲಿನ ವಧುವಿನ ಹೆಸರನ್ನು ಮತ್ತೊಮ್ಮೆ ಓದಿದೆ. ಅತ್ತಿಗೆ ಪರದೆ ಆರಿಸಿದರು. “ಸಾಕು. ಕೈ ತಪ್ಪಿದ ಮೇಲೆ ಈ ಕೆಲಸ ಮಾಡಬಾರದು. ಬೇರೆ ಯಾರ ಹತ್ತಿರವಾದರೂ ಮಾಡಿಸಿಕೊಳ್ಳಲಿ. ಖಾರಘರಕ್ಕೆ ಹೋಗ್ತೇನೆ.”

ಮಗಳು ಬಂದದ್ದು ಭಾನುವಾರವೇ, ಇದರಲ್ಲಿ ಸಂಶಯವಿಲ್ಲ. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಸಿಕ್ಕಿದ ಭಾನುವಾರದ ಹಳಿ ರಿಪೇರಿಯನ್ನು, ಅವರ ಮೆಗಾಬ್ಲಾಕನ್ನು, ಬೈಯುತ್ತಲೇ ಒಳಗೆ ಬಂದಳು. ಅಮ್ಮ ಬರಲು ಒಪ್ಪಿದ್ದಾಳೆಂದು ಫೋನಿನಲ್ಲಿ ತಿಳಿದಿತ್ತು. ಬ್ಯಾಗುಗಳನ್ನೂ ತಂದಿದ್ದಳು. ಅತ್ತಿಗೆ ಅವಳ ಮುಖ ನೋಡದೆ, ಅಕ್ಕಿ ಆರಿಸುವವರ ಹಾಗೆ ಮಡಿಲು ನೋಡುತ್ತಾ ನಡೆದದ್ದನ್ನೆಲ್ಲ ಹೇಳಿದರು. ಯಾವ ಕಾಗದ ಎನ್ನುವುದನ್ನು ಕೊನೆಯಲ್ಲಿ ಹೇಳಿದರು.

ಮಗಳು ಕೇಳಿದ್ದು ಒಂದೇ, ಅಪ್ಪ ಏನು ಬರೆದಿದ್ದ ಎಂದು. “ಕ್ಯಾ ಲಿಖಾ ಥಾ ಪಪ್ಪಾ ನೇ?”

ಆಗ ನಮಗಿಬ್ಬರಿಗೂ ಹೊಳೆಯಿತು. ತನ್ನ ಮದುವೆ ಕಾಗದದ ಆ ಬದಿಯನ್ನು ಅವಳು ಓದಿಯೇ ಇಲ್ಲ. ಓದಲು ಬರುವುದಿಲ್ಲ, ಯಾರೂ ಓದಿ ಹೇಳಿರಲಿಲ್ಲ. ಅತ್ತಿಗೆ ಪರದೆ ಹಚ್ಚಿ, ಪುಟವನ್ನು ಕೆಳಗಿಳಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು.

ಅವಳು ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಬ್ಯಾಗಿನ ಮೇಲೆ ಕೂತು ಜೋರಾಗಿ.

“ಸಬ್ ಕೋ ಖಿಲಾಯಾ ಪಪ್ಪಾ ನೇ. ಉಸ್ ದಿನ್ ಅಕೇಲೀ ಮೈ ಭೂಖೀ ಥೀ!”

ಅಪ್ಪ ಎಲ್ಲರಿಗೂ ಉಣಿಸಿದ ದಿನ ಹಸಿದದ್ದು ಅವಳೊಬ್ಬಳೇ: ಮುಹೂರ್ತದವರೆಗೆ ಹುಡುಗಿ ಉಪವಾಸ ಇರಬೇಕೆಂದು ಅವಳಿಗೆ ಬೆಳಿಗ್ಗೆಯಿಂದ ಏನೂ ಕೊಟ್ಟಿರಲಿಲ್ಲ. ಅಣ್ಣ ಕದ್ದು ಎರಡು ಬಾಳೆಹಣ್ಣು ತಂದು ಕೊಟ್ಟನಂತೆ. ಅತ್ತಿಗೆಗೆ ಇದು ಹೊಸ ಸುದ್ದಿ. “ಕೊಟ್ಟನಾ? ನನಗೆ ಹೇಳಲೇ ಇಲ್ಲ!” ಸತ್ತವನ ಮೇಲೆ ಅವರಿಗೆ ನಿಜವಾದ ಸಿಟ್ಟು ಬಂತು. ಮಗಳು ಕಣ್ಣೊರೆಸಿಕೊಂಡು, ಮೆಲ್ಲಗೆ ಹೇಳಿದಳು: “ಶಾದೀ ಖರಾಬ್ ಥೀ ಅಮ್ಮಾ. ಕಾರ್ಡ್ ಕೀ ಕ್ಯಾ ಗಲತೀ? ಕಾರ್ಡ್ ತೋ ಪಪ್ಪಾ ಕಾ ಥಾ. ಛಾಪನೇ ದೋ.”

ಕೆಟ್ಟದ್ದು ಮದುವೆ, ಕಾಗದದ ತಪ್ಪೇನು, ಅದು ಅಪ್ಪನದಲ್ಲವೇ, ಅಚ್ಚಾಗಲಿ. ಅತ್ತಿಗೆ ಮನೆಯ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು, ಮೂಲೆಗಳಿಗೆ ಅರಸಿನ ಹಚ್ಚಿ, ಎಂದಿನಂತೆ ದೇವರ ಮುಂದೆ ಇಟ್ಟರು. ವಿಠ್ಠಲವಾಡಿಗೆ ಕಳಿಸು ಎಂದು ನನಗೆ ಹೇಳಿದರು. ಅವರು ಹೊರಡಲಿಲ್ಲ, ಆದರೆ ತಂದ ಬ್ಯಾಗುಗಳನ್ನು ಮಗಳು ಖಾಲಿ ಒಯ್ಯಲಿಲ್ಲ. ಒಂದರಲ್ಲಿ ಕೋಕಂ, ಹಪ್ಪಳ, ಉಪ್ಪಿನಕಾಯಿ ತುಂಬಿಸಿ ಕಳಿಸಿದರು.

“ಕಂಪ್ಯೂಟರ್ ಕೇ ಲಿಯೇ ಭೀ ಜಗಹ್ ಹೈ ಉಧರ್” ಎಂದಳು ಬಾಗಿಲಲ್ಲಿ, ಅಲ್ಲಿ ಕಂಪ್ಯೂಟರಿಗೂ ಜಾಗವಿದೆ ಎಂದು.

“ಎಲ್ಲಿ, ಆ ಬಾಲ್ಕನಿಯಲ್ಲಾ? ಧೂಳು.”

ಹೋಟೆಲಿನವರ ಮಗಳು ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನ ಹತ್ತಿರ ಜಗಳವಾಡಿ ತವರಿಗೆ ಬಂದಳಂತೆ. ಆ ಸುದ್ದಿ ಕೇಳಿ ಅತ್ತಿಗೆ ಅನ್ನ ಬಿಟ್ಟು ಕೂತರು. ಮರುದಿನ ಅವಳು ತಾನಾಗಿ ವಾಪಸು ಹೋದಳು. ಇವರು ಊಟ ಮಾಡಿದರು. ಈಗ ಎಲ್ಲ ಸರಿ ಇದೆಯಂತೆ, ನಾನು ಹೆಚ್ಚು ವಿಚಾರಿಸಿಲ್ಲ.

ಈಚೆಗೆ ಅತ್ತಿಗೆ ಬೇರೆ ಕತೆ ಹೇಳುತ್ತಾರೆ. “ಅದು ಯಾರದ್ದೂಂತ ನನಗೆ ಆವತ್ತೇ ಗೊತ್ತಿತ್ತು ಮಾರಾಯ. ಹೆಸರು ತೆಗೆದವಳು ನಾನೇ ಅಲ್ಲವಾ?” ಹಾಗಾದರೆ ಫೋನು ಬಂದಾಗ ಬಾಯಿಗೆ ಕೈ ಇಟ್ಟವರು ಯಾರು ಎಂದು ನಾನು ಕೇಳಲಿಲ್ಲ. ಕೈ ಇಟ್ಟದ್ದು ನನ್ನ ಪಾಯಸದ ಹಾಗೆ ಆಮೇಲೆ ಬಂದು ಸೇರಿಕೊಂಡದ್ದೂ ಇರಬಹುದು.

ಉಳಿದ ಕಡತಗಳಿಗೆಲ್ಲ ಅವರು ಹೇಳಿದ ತಾರೀಖು ಅಂಟಿಸಿದ್ದೇನೆ. ಚುಕ್ಕಿಗಳ ಆ ಕಾಗದವನ್ನು ಮಾತ್ರ ಮುಟ್ಟಬೇಡ ಎಂದರು. ಹಾಗಾಗಿ ಅದು ಇನ್ನೂ ಆ ಗುರುವಾರದಲ್ಲೇ ಇದೆ, ಪಟ್ಟಿಯಲ್ಲಿ ಹಳೆಯ ಮದುವೆಗಳೆಲ್ಲದರ ಮೇಲೆ. ಹೊಸ ಕಾಗದ ಬಂದಾಗ ಅತ್ತಿಗೆಯ ಕೈ ಮೊದಲು ಹೋಗುವುದು ಅಲ್ಲಿಗೆ. ಅದರ ನಕಲೊಂದರಲ್ಲಿ ಹೆಸರು ತುಂಬಿಸಿ, ಪುಟವನ್ನು ಬುಡದವರೆಗೆ ಇಳಿಸಿ, ಆ ಸಾಲು ಇದೆಯೇ ಎಂದು ನೋಡಿಯೇ ಕಳಿಸುತ್ತಾರೆ.