ಒಬೆಲಿಸ್ಕೂ ನಮ್ಮೂರ ಕರುಗಲ್ಲೂ

ತುಮಕೂರಿನ ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್, ಲಂಡನ್ನಿನ ನದಿ ದಂಡೆಯಲ್ಲಿ ನಿಂತಿರುವ ಈಜಿಪ್ಟಿನ ಒಬೆಲಿಸ್ಕಿನ ಕಥೆಯನ್ನು ಅಡ್ವೆಂಚರ್ ಸ್ಟೋರಿಯಂತೆ ಹೇಳುತ್ತಿದ್ದರು. ಮರಳಲ್ಲಿ ಬಿದ್ದಿದ್ದ, ಸಾವಿರಾರು ವರ್ಷ ಹಳೆಯ ಒಂಟಿ ಕಲ್ಲಿನ ಕಂಬ. ಅದನ್ನು ಕಬ್ಬಿಣದ ದೊಡ್ಡ ಕೊಳವೆಯೊಳಗಿಟ್ಟು, ಹಡಗಿಗೆ ಕಟ್ಟಿ ಸಮುದ್ರದ ಮೇಲೆ ಎಳೆದು ತಂದರು. ಬಿರುಗಾಳಿಗೆ ಸಿಕ್ಕಿ ಆರು ಜನ ನಾವಿಕರು ಸತ್ತರು. "ದೇ ರೆಸ್ಕ್ಯೂಡ್ ಇಟ್, ಗರ್ಲ್ಸ್," ಎನ್ನುವಾಗ ಸಿಸ್ಟರ್ ಕಣ್ಣು ತುಂಬುತ್ತಿತ್ತು. ನನ್ನದೂ.

ಆ ರೆಸ್ಕ್ಯೂ ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಅಮೃತೂರಿನ ಹತ್ತಿರ ನನ್ನ ಗಂಡನ ಊರಿನಲ್ಲಿ ರೋಡ್ ಅಗಲ ಮಾಡಲು ಬಂದಾಗ ಕರುಗಲ್ಲು ಅಡ್ಡ ಬಂತು. ಊರು ಕಟ್ಟಿದವರು ಮೊದಲು ನೆಟ್ಟ ಕಲ್ಲು ಅದು, ಆಳೆತ್ತರ. "ನಾಕು ಮಾರು ಆಚೆ ನೆಡ್ತೀವಿ ಬುಡಿ," ಅಂದರು ಊರವರು. ನಾನು ಬಿಡಲಿಲ್ಲ. ಲಾರಿ ಗುದ್ದುತ್ತದೆ, ಪೋಸ್ಟರ್ ಅಂಟಿಸುತ್ತಾರೆ, ತುಮಕೂರಿನ ಮ್ಯೂಸಿಯಂ ಒಂದರಲ್ಲಿ ಸೇಫಾಗಿರುತ್ತದೆ ಎಂದು ವಾದಿಸಿದೆ. ಓದಿದವಳು ಹೇಳುತ್ತಾಳೆಂದು ಒಪ್ಪಿಕೊಂಡರು. ಕ್ರೇನಿನಲ್ಲಿ ಕಲ್ಲು ಮೇಲೆದ್ದಾಗ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ.

ಆ ಊರಿಂದ ಗಂಡನ ಮನೆಗೆ ಹೊರಡುವ ಹುಡುಗಿ ಕರುಗಲ್ಲಿಗೆ ಒಂದು ಚೊಂಬು ನೀರು ಹೊಯ್ದು, ಬುಡದಲ್ಲಿ ನೆನೆದ ಮಣ್ಣನ್ನು ಹಣೆಗಿಟ್ಟುಕೊಳ್ಳಬೇಕು. ಹಾಗೆ ಮಾಡಿದವಳಿಗೆ ತವರು ತಪ್ಪುವುದಿಲ್ಲವಂತೆ. ಈ ವರ್ಷ, ಅದೇ ಊರಲ್ಲಿರುವ ನನ್ನ ಗಂಡನ ಅಕ್ಕನ ಮೊಮ್ಮಗಳನ್ನು ಗುಬ್ಬಿಗೆ ಕೊಟ್ಟರು. "ಕಲ್ಲೆಲ್ಲೈತೋ ಅಲ್ಲಿಗೇ ಹೋಗಾನ ನಡೀರಿ. ತುಮಕೂರು ದಾರೀಲೇ ಅಲ್ವಾ?" ಎಂದರು ಅತ್ತಿಗೆ.

ಕುಣಿಗಲ್ ದಾಟಿ ವ್ಯಾನ್ ಮ್ಯೂಸಿಯಂ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಕಲ್ಲು ಸಿಮೆಂಟ್ ಕಟ್ಟೆಯ ಮೇಲೆ, ಸ್ಟೀಲ್ ಕಂಬಿಗಳ ನಡುವೆ ಬಹಳ ನೀಟಾಗಿ ನಿಂತಿತ್ತು.

"ಮುಟ್ಟಂಗಿಲ್ಲಮ್ಮ," ಎಂದ ವಾಚ್‌ಮನ್.

"ನಿಮ್ಮಪ್ಪ ನೆಟ್ಟಿದ್ದೇನ್ಲಾ ಇದನ್ನ?" ಎಂದು ಅತ್ತಿಗೆ ದಬಾಯಿಸಿದರು.

ಅವನು ಪಕ್ಕಕ್ಕೆ ಸರಿದ. ಮದುಮಗಳು ಬಗ್ಗಿ ನೀರು ಹೊಯ್ದಳು. ನೀರು ಸಿಮೆಂಟಿನ ಮೇಲೆ ಹರಡಿ ಮೋರಿಗಿಳಿಯಿತು. ಹುಡುಗಿ ಕಂಬಿಯೊಳಗೆ ಬೆರಳು ಚಾಚಿ ತಡಕಿದಳು. ಮಣ್ಣಿರಲಿಲ್ಲ.

"ಕಲ್ಲು ತಂದ್ಯಲ್ಲಮ್ಮ, ಮಣ್ಣು ಎಲ್ಲಿಟ್ಟೆ?" ಎಂದರು ಅತ್ತಿಗೆ, ನನ್ನ ಕಡೆ ನೋಡದೆ.

"ಹೋಗ್ಲಿ ಬುಡಜ್ಜಿ, ಹೊತ್ತಾಯ್ತು." ಹುಡುಗಿ ಒದ್ದೆ ಬೆರಳನ್ನೇ ಹಣೆಗೊತ್ತಿಕೊಂಡು ವ್ಯಾನ್ ಹತ್ತಿದಳು.

ಸಿಸ್ಟರ್ ಹೇಳಿದ ಕಥೆಯಲ್ಲಿ ಆ ಕಂಬವಿದ್ದ ಊರಿನವರು ಒಬ್ಬರೂ ಬರುತ್ತಿರಲಿಲ್ಲ. ಅದು ಹೋದ ಮೇಲೆ ಅವರು ಆ ಖಾಲಿ ಜಾಗದಲ್ಲಿ ಏನು ಮಾಡಿದರೋ, ನಾನು ಕೇಳಿಯೇ ಇರಲಿಲ್ಲ.

ಮಾರನೆಯ ದಿನ ಮ್ಯೂಸಿಯಂ ಆಫೀಸಿಗೆ ಹೋಗಿ, ಕಲ್ಲು ವಾಪಸ್ ಕೊಡಿ ಎಂದೆ. "ನೀವೇ ಕೊಡಿಸಿದ್ದಲ್ವಾ ಮೇಡಂ?" ಎಂದು ನಕ್ಕರು. ಹೌದು, ನಾನೇ, ಐ ವಾಸ್ ರಾಂಗ್ ಎಂದೆ. ಕಮಿಟಿ ಮುಂದೆ ಇಡುತ್ತಾರಂತೆ. ಆ ಹುಡುಗಿಗೆ ಇಬ್ಬರು ತಂಗಿಯರಿದ್ದಾರೆ. ದೊಡ್ಡವಳಿಗೆ ಈಗಲೇ ಗಂಡು ನೋಡುತ್ತಿದ್ದಾರೆ.