ಹವಾಲ್ದಾರ್ ಕಾಕಾ ಕಂಡದ್ದು

ಹವಾಲ್ದಾರ್ ಕಾಕಾ ಅವರ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಕನ್ನಡಕದ ಕಡ್ಡಿ ಆ ಕಡೆ ನಿಲ್ಲುತ್ತಿರಲಿಲ್ಲವಾದ್ದರಿಂದ, ಅವರ ಹೆಂಡತಿ ಲಂಗಕ್ಕೆ ಹಾಕುವ ಕಪ್ಪು ಎಲಾಸ್ಟಿಕ್ಕಿನ ತುಂಡೊಂದನ್ನು ಎರಡೂ ಕಡ್ಡಿಗಳಿಗೆ ಹೊಲಿದು ತಲೆಯ ಹಿಂದಿನಿಂದ ಬಿಗಿದುಕೊಟ್ಟಿದ್ದರು. ಪೇಪರ್ ಓದಿ ಮುಗಿಸಿ ಕನ್ನಡಕ ತೆಗೆದಾಗ ನೆರೆತ ಕೂದಲಿನ ಮೇಲೆ ಆ ಎಲಾಸ್ಟಿಕ್ಕಿನ ಗೆರೆ ಬಹಳ ಹೊತ್ತು ಉಳಿದಿರುತ್ತಿತ್ತು.

ವಿಮಾ ಕಚೇರಿಯ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದ ನನಗೆ ಅಹಮದಾಬಾದಿನ ಮಣಿನಗರದಲ್ಲಿ ಸಿಕ್ಕಿದ ಮನೆ ಅವರ ಮನೆಯ ಎದುರಿನದು. ಎರಡೂ ಬಾಗಿಲುಗಳ ನಡುವೆ ಒಂದೇ ಮೆಟ್ಟಿಲಸಾಲು. ಬಂದ ಮೊದಲ ವಾರ ನಾನು ಮಗನನ್ನು ಗದರುತ್ತಿದ್ದಾಗ ಅವರು ಬಾಗಿಲು ತೆರೆದು, "ಬೈಯೂದಾದ್ರೂ ಕನ್ನಡದಾಗ ಕೇಳಿ ಭಾಳ ದಿನಾ ಆಗಿತ್ತವ್ವಾ" ಅಂದರು. ಊರು ಬೆಳಗಾವಿ ಸೀಮೆ. ಕೇಂದ್ರದ ಪೊಲೀಸ್ ಪಡೆಯಲ್ಲಿ ಹವಾಲ್ದಾರರಾಗಿದ್ದು, ಗಾಯಗೊಂಡು ಬೇಗ ನಿವೃತ್ತಿ ಪಡೆದಿದ್ದರು. ಹೆಂಡತಿಗೆ ರೈಲ್ವೆ ಕಚೇರಿಯಲ್ಲಿ ಕೆಲಸ. ಅದಕ್ಕಾಗಿ ಇಬ್ಬರೂ ಅಹಮದಾಬಾದಿನಲ್ಲೇ ನೆಲೆಸಿದ್ದರು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ನನ್ನ ಮಗ ಶಾಲೆಯ ಗುಜರಾತಿಯಲ್ಲಿ 'ಕಾಕಾ' ಎಂದು ಕರೆದರೆ, ಬೆಳಗಾವಿ ಕಡೆಯೂ ಚಿಕ್ಕಪ್ಪನಿಗೆ ಕಾಕಾ ಎನ್ನುವುದರಿಂದ, ಇವನು ಕನ್ನಡ ಮರೆತಿಲ್ಲ ನೋಡು ಎಂದು ಹವಾಲ್ದಾರರು ಖುಷಿಪಡುತ್ತಿದ್ದರು.

ಕಾಕು ಕೆಲಸಕ್ಕೆ ಹೋದ ಮೇಲೆ ಅಡುಗೆ ಕಾಕಾ ಅವರದೇ. ಜೋಳದ ರೊಟ್ಟಿ ತಟ್ಟುವ ಸದ್ದು ನಮ್ಮ ಮನೆಗೆ ಕೇಳಿಸುತ್ತಿತ್ತು. ಕೆಳಮನೆಯ ಗುಜರಾತಿ ಹೆಂಗಸಿಗೂ ಅವರಿಗೂ ಸಜ್ಜೆಯ ರೋಟ್ಲೊ ಮೇಲೋ ಜೋಳದ ರೊಟ್ಟಿ ಮೇಲೋ ಎಂದು ವರ್ಷಗಟ್ಟಲೆ ನಡೆದ ಜಗಳವಿತ್ತು; ಇಬ್ಬರೂ ಒಬ್ಬರದನ್ನೊಬ್ಬರು ತರಿಸಿಕೊಂಡು ತಿನ್ನುತ್ತಲೇ ಜಗಳವಾಡುತ್ತಿದ್ದರು. ಬಟ್ಟೆ ಒಣಹಾಕುವಾಗ ಅಂಗಿಗಳನ್ನು ಪರೇಡಿಗೆ ನಿಲ್ಲಿಸಿದ ಹಾಗೆ ಒಂದೇ ಅಂತರದಲ್ಲಿ ತೂಗುಹಾಕುತ್ತಿದ್ದರು. ಅವರ ಎದುರು ಯಾರೇ ಯಾವ ಸುದ್ದಿ ಹೇಳಿದರೂ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ, "ನೋಡಿದ್ದೋ, ಕೇಳಿದ್ದೋ?" ಕೇಳಿದ್ದು ಅಂದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ನಮ್ಮ ಕಟ್ಟಡಗಳ ಸೊಸೈಟಿಯ ಹೆಂಗಸರಿಗೆ ಇದರಿಂದ ಬೇಸರ. ಅವರ ಹತ್ತಿರ ಮಾತಾಡುವುದೆಂದರೆ ಠಾಣೆಗೆ ಹೋದ ಹಾಗೆ ಎಂದು ನಗುತ್ತಿದ್ದರು. ನಾನೂ ನಕ್ಕವಳೇ.

ಆ ಪ್ರಶ್ನೆ ಎಲ್ಲಿಂದ ಬಂದದ್ದೆಂದು ನನಗೆ ಹೇಳಿದವರು ಕಾಕು, ಒಂದು ಭಾನುವಾರ ತಾರಸಿಯ ಮೇಲೆ ಮೆಣಸಿನಕಾಯಿ ಹರವುತ್ತಾ.

ಪೂರ್ವದ ಒಂದು ರಾಜ್ಯದ ಕಾಡಿನಲ್ಲಿ ಗಲಭೆ ಹೊತ್ತಿಕೊಂಡಿದ್ದ ವರ್ಷಗಳವು. ಕಾಕಾ ಅವರ ತುಕಡಿ ಎರಡು ಟ್ರಕ್ಕುಗಳಲ್ಲಿ ಗಸ್ತು ಮುಗಿಸಿ ಶಿಬಿರಕ್ಕೆ ಮರಳುತ್ತಿತ್ತು. ಮುಂದಿನ ಟ್ರಕ್ಕು ಒಂದು ಸಣ್ಣ ಸೇತುವೆ ದಾಟುವಾಗ ನೆಲದೊಳಗೆ ಹುಗಿದಿಟ್ಟಿದ್ದ ಸಿಡಿಮದ್ದು ಸಿಡಿಯಿತು. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ. ಹಿಂದಿನ ಟ್ರಕ್ಕಿನವರು ಕೆಳಗೆ ಹಾರುವಷ್ಟರಲ್ಲಿ ಎರಡೂ ಕಡೆಯ ದಿಣ್ಣೆಗಳಿಂದ ಗುಂಡು ಸುರಿಯಿತು. ಕಾಕಾ ಅವರ ಕಿವಿ ಹೋದದ್ದು ಆಗ. ಅವರ ಪಕ್ಕದಲ್ಲಿದ್ದವನು ಸೂರತ್ತಿನ ಒಬ್ಬ ಯೋಧ, ಅವರ ಆಪ್ತ ಗೆಳೆಯ. ಹೊಟ್ಟೆಗೆ ಗುಂಡು ತಗುಲಿದ್ದ ಅವನನ್ನು ಎಳೆದುಕೊಂಡು ಕಾಕಾ ಟ್ರಕ್ಕಿನ ಅಡಿಗೆ ಸೇರಿದರು. ಹೊಗೆ, ಧೂಳು. ಗುಂಡು ನಿಂತ ಮೇಲೆ ಕೆಲವರು ಇಳಿದು ಬಂದು ಸತ್ತವರ ಬಂದೂಕುಗಳನ್ನು ಆಯ್ದುಕೊಂಡು ಹೋದರು. ಟ್ರಕ್ಕಿನ ಅಡಿಯಿಂದ ಕಾಕಾಗೆ ಕಂಡದ್ದು ಮೊಣಕಾಲಿನ ಕೆಳಗಿನ ಕಾಲುಗಳು ಮಾತ್ರ. ಸಹಾಯ ಬರುವ ಹೊತ್ತಿಗೆ ಗೆಳೆಯ ತೀರಿಕೊಂಡಿದ್ದ. ಆ ತುಕಡಿಯಲ್ಲಿ ಬದುಕಿ ಉಳಿದವರು ಇವರೊಬ್ಬರೇ.

ಕೆಲವು ತಿಂಗಳ ನಂತರ ಹತ್ತಿರದ ಹಳ್ಳಿಯೊಂದರ ಗಂಡಸರನ್ನು ಹಿಡಿದು ತಂದರು. ಗುರುತು ಹಿಡಿಯಲು ಕಾಕಾ ಅವರನ್ನು ಕರೆಸಿದರು. ಸಾಲಿನ ಮುಂದೆ ನಡೆದುಹೋಗಿ ಅವರು ಯಾರನ್ನೂ ತೋರಿಸಲಿಲ್ಲ. ಮೇಲಧಿಕಾರಿ ಪಕ್ಕಕ್ಕೆ ಕರೆದು, ಇವರೇ ಎಂದು ನಮಗೆ ಗೊತ್ತು, ನೀನು ಬೆರಳು ತೋರಿಸಿದರೆ ಸಾಕು, ಸತ್ತವರ ಋಣ ತೀರುತ್ತದೆ ಎಂದರಂತೆ. ಯಾರ ಮುಖವನ್ನೂ ನಾನು ಕಂಡಿಲ್ಲ ಎಂದರು ಕಾಕಾ. ಕೋರ್ಟಿನಲ್ಲಿಯೂ ಅದನ್ನೇ ಹೇಳಿದರು. ಬೇರೆ ಸಾಕ್ಷಿ ಇರಲಿಲ್ಲ. ಆ ಹಳ್ಳಿಯವರು ಬಿಡುಗಡೆಯಾದರು. ನಿಜವಾಗಿ ಮಾಡಿದವರು ಯಾರೆಂಬುದು ಕೊನೆಗೂ ಗೊತ್ತಾಗಲಿಲ್ಲ.

ಆಮೇಲೆ ಶಿಬಿರದಲ್ಲಿ ಅವರ ಪಕ್ಕ ಊಟಕ್ಕೆ ಯಾರೂ ಕೂರುತ್ತಿರಲಿಲ್ಲ. ಅದನ್ನು ಅವರು ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಸೂರತ್ತಿನ ಗೆಳೆಯನ ಹೆಂಡತಿಯ ಮಾತು. ಆಕೆ ಅಷ್ಟು ದೂರದಿಂದ ಕೋರ್ಟಿಗೆ ಬಂದಿದ್ದಳು. ಹೊರಗಿನ ಜಗಲಿಯಲ್ಲಿ ಇವರನ್ನು ನಿಲ್ಲಿಸಿ, ನೀವು ಅವರ ಗೆಳೆಯರೆಂದು ನಾನು ನಂಬಿದ್ದೆ ಎಂದಳಂತೆ.

ಇದನ್ನು ಕೇಳಿದ ಮೇಲೆ ಒಮ್ಮೆ ನಾನು ಕಾಕಾ ಅವರನ್ನೇ ಕೇಳಿದೆ, ಆ ಹಳ್ಳಿಯವರೇ ಆಗಿದ್ದರೆ? ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಆಗಿರಬಹುದವ್ವಾ. ಅಲ್ಲಾ ಅಂತ ನಾ ಹೇಳಿಲ್ಲ. ಕಾಲು ಕಂಡೀನಿ, ಮಾರಿ ಕಂಡಿಲ್ಲ ಅಂದೆ. ಅಷ್ಟ."

ಪ್ರತಿ ವರ್ಷ, ಗೆಳೆಯ ತೀರಿಕೊಂಡ ದಿನ, ಅವರು ಸೂರತ್ತಿಗೆ ಅವನ ಮನೆಗೆ ಹೋಗುತ್ತಿದ್ದರು. ಅವನ ಹೆಂಡತಿ ಮೊದಲ ವರ್ಷ ಮುಖಕ್ಕೇ ಬಾಗಿಲು ಹಾಕಿದಳು. ಆಮೇಲೆ ತೆರೆಯುವುದನ್ನೇ ಬಿಟ್ಟಳು. ಇವರು ಎದುರಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಸಂಜೆಯ ರೈಲಿಗೆ ವಾಪಸಾಗುತ್ತಿದ್ದರು. ಒಂದು ವರ್ಷ ಅವರಿಗೆ ಎದೆನೋವು ಬಂದುಹೋಗಿತ್ತು. ಕಾಕುಗೆ ರಜೆ ಸಿಗಲಿಲ್ಲ. ಒಬ್ಬರನ್ನೇ ಕಳಿಸಲು ಭಯವೆಂದು ನನ್ನನ್ನು ಜೊತೆಗೆ ಕಳಿಸಿದರು.

ವಡೋದರಾ ಬಂದಾಗ ಕಾಕಾ ಇಳಿದು ಪ್ಲಾಟ್‌ಫಾರ್ಮಿನಿಂದ, ಅಲ್ಲಿ ಹೆಸರಾದ ಆಲೂಗಡ್ಡೆಯ ಹಸಿ ಚಿವಡಾದ ಒಂದು ಪೊಟ್ಟಣ ತಂದರು. ರಜೆ ಮುಗಿಸಿ ಡ್ಯೂಟಿಗೆ ಮರಳುವಾಗ ಅವರು ಅಹಮದಾಬಾದಿನಲ್ಲಿ ಹತ್ತಿದರೆ ಗೆಳೆಯ ಸೂರತ್ತಿನಲ್ಲಿ ಹತ್ತುತ್ತಿದ್ದನಂತೆ. ವಡೋದರಾದ ಚಿವಡಾ ತಂದಿದ್ದೀಯಾ ಎಂದು ಕೇಳಿದ ನಂತರವೇ ಚೀಲ ಕೆಳಗಿಡುತ್ತಿದ್ದನಂತೆ.

ಮನೆಯಿದ್ದದ್ದು ಉಧನಾದ ಕಡೆ, ಪವರ್‌ಲೂಮುಗಳ ಸದ್ದಿನಿಂದ ಗೋಡೆಗಳೂ ನಡುಗುವಂಥ ಗಲ್ಲಿಯಲ್ಲಿ. ಕಾಕಾ ಕಟ್ಟೆಯ ಮೇಲೆ ಕೂತರು. ಬಿಸಿಲು ಜೋರಾಗಿತ್ತು, ಅವರ ಮುಖ ಬಿಳಿಚಿಕೊಂಡಿತ್ತು. ನಾನು ಹೋಗಿ ಬಾಗಿಲು ತಟ್ಟಿ, ನೀರು ಬೇಕು, ಜೊತೆಯಲ್ಲಿರುವವರಿಗೆ ಹುಷಾರಿಲ್ಲ ಎಂದು ನನಗೆ ಬರುವ ಗುಜರಾತಿಯಲ್ಲಿ ಹೇಳಿದೆ. ಆಕೆ ಲೋಟ ಹಿಡಿದು ಬಂದವಳು ನನ್ನ ಹೆಗಲಾಚೆಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಡದೆ ತಾನೇ ಗಲ್ಲಿ ದಾಟಿದಳು.

ಪ್ರತಿ ವರ್ಷ ಯಾಕೆ ಬರುತ್ತೀರಿ ಎಂದು ಕೇಳಿದಳು. ಕಾಕಾ ನೀರು ಕುಡಿದು, ನೀವು ಏನಾದರೂ ಕೇಳಬೇಕೆಂದಿದ್ದರೆ ಹೇಳಲು ಬರುತ್ತೇನೆ, ಬೆಹೆನ್, ಎಂದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಕೋರ್ಟಿನ ವಿಷಯ ಎತ್ತುತ್ತಾಳೆಂದು ನಾನು ಹೆದರಿದ್ದೆ. ಆಕೆ ಕೇಳಿದ್ದು ಬೇರೆ. ಶವದ ಪೆಟ್ಟಿಗೆ ತಂದ ಅಧಿಕಾರಿಗಳು, ಗುಂಡು ತಗುಲಿದ ಕ್ಷಣದಲ್ಲೇ ಪ್ರಾಣ ಹೋಯಿತು, ನೋವಾಗಲಿಲ್ಲ ಎಂದಿದ್ದರು. ಅದು ನಿಜವೇ?

"ಇಲ್ಲ," ಎಂದರು ಕಾಕಾ. "ಸುಮಾರು ಹೊತ್ತು ಇದ್ದ. ನೋವಿತ್ತು. ನನ್ನ ತೋಳಿನ ಮೇಲೆ ತಲೆ ಇಟ್ಟಿದ್ದ."

"ಏನಂದರು?"

"ಬೂಟು ಬಿಗಿಯಾಗಿದೆ, ಲೇಸು ಬಿಚ್ಚು ಅಂದ. ಬಿಚ್ಚಿದೆ. ಈಗ ಸರಿಯಾಯಿತು ಅಂದ."

ಲೂಮುಗಳ ಸದ್ದಿನಲ್ಲಿ ಆಕೆಯ ಮುಂದಿನ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ. ತುಟಿ ನೋಡಿ ತಿಳಿಯಿತು. ನನ್ನ ಹೆಸರು ಹೇಳಿದರೇ ಎಂದು ಕೇಳುತ್ತಿದ್ದಳು.

ಹೌದು ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಹೌದು ಅಂದರೆ ಯಾರಿಗೆ ಏನು ನಷ್ಟ? ಕಾಕಾ ಆಕೆಯ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು.

"ಇಲ್ಲ, ಬೆಹೆನ್. ಅದರ ನಂತರ ಅವನು ಮಾತಾಡಲಿಲ್ಲ."

ಆಕೆ ಕಟ್ಟೆಯ ಮೇಲೆ, ಅವರ ಪಕ್ಕದಲ್ಲಿ, ಕುಸಿದು ಕೂತಳು. ಅತ್ತಳು. ಕಾಕಾ ಸಮಾಧಾನದ ಮಾತು ಆಡಲಿಲ್ಲ, ಎದ್ದೂ ಹೋಗಲಿಲ್ಲ. ಕೊನೆಗೆ ಆಕೆ ಮುಖ ಒರೆಸಿಕೊಂಡು, "ಹಾಗಾದರೆ ನೀವು ಆ ಕೋರ್ಟಿನಲ್ಲಿ ಹೇಳಿದ್ದೂ ನಿಜ," ಎಂದಳು. ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಆಮೇಲೆ ಎದ್ದು, ಒಳಗೆ ಬನ್ನಿ, ಬಿಸಿಲಿದೆ ಎಂದಳು.

ಒಳಗೆ ಗೋಡೆಯ ಮೇಲೆ ಸಮವಸ್ತ್ರದ ಫೋಟೋ ಇತ್ತು. ಕಾಕಾ ಅದರ ಮುಂದೆ ನಿಂತು ಸೆಲ್ಯೂಟ್ ಮಾಡುತ್ತಾರೆಂದುಕೊಂಡೆ. ಅವರು ಚಿವಡಾದ ಪೊಟ್ಟಣವನ್ನು ಆಕೆಯ ಕೈಗೆ ಕೊಟ್ಟು, ಚಾಪೆಯ ಮೇಲೆ ಕೂತು, ಚಹಾಕ್ಕೆ ಸಕ್ಕರೆ ಬೇಡ ಎಂದರು.

ಮರುವರ್ಷ ನಾವು ಊರಿನ ಇನ್ನೊಂದು ತುದಿಯ ಬೋಡಕ್‌ದೇವ್‌ಗೆ ಮನೆ ಬದಲಿಸಿದೆವು. ಸೂರತ್ತಿನಿಂದ ಹಬ್ಬಕ್ಕೆ ಫೋನ್ ಬರುತ್ತದೆಂದು ಕಾಕು ಹೇಳುತ್ತಿದ್ದರು. ನಾನು ಹೋದಾಗಲೆಲ್ಲ ಕಾಕಾ ರೊಟ್ಟಿ ಕಟ್ಟಿಕೊಡುತ್ತಿದ್ದರು. ಹೋದ ಚಳಿಗಾಲದ ಒಂದು ಬೆಳಿಗ್ಗೆ, ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗಲೇ ಅವರು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ಸೂರತ್ತಿನಿಂದ ಆಕೆ ಮಧ್ಯಾಹ್ನದ ಹೊತ್ತಿಗೆ ಬಂದಳು, ಮಗಳ ಜೊತೆ. ಮನೆಯ ತುಂಬ ಸೊಸೈಟಿಯ ಜನ. ಯಾರೋ ಹಿರಿಯರೊಬ್ಬರು, ಇವರು ಒಬ್ಬರೇ ನಿಂತು ಹತ್ತಾರು ಜನರನ್ನು ಹೊಡೆದುರುಳಿಸಿದ ವೀರರು ಎಂದು ಗೌರವದಿಂದಲೇ ಹೇಳುತ್ತಿದ್ದರು. ಜನ ತಲೆದೂಗುತ್ತಿದ್ದರು. ಆಕೆ ಕಾಕು ಪಕ್ಕದಲ್ಲಿ ಕೂತವಳು ತಲೆ ಎತ್ತಿ, ಮೆಲ್ಲಗೆ, ಗುಜರಾತಿಯಲ್ಲಿ, ಹಾಗೆ ಆಗಲಿಲ್ಲ ಭಾಯಿ ಎಂದಳು. ನೀವು ಯಾರು ಎಂದು ಅವರು ಕೇಳಿದರು.

"ಇವರ ತೋಳಿನ ಮೇಲೆ ಪ್ರಾಣ ಬಿಟ್ಟವರ ಹೆಂಡತಿ," ಎಂದಳು. "ಅಲ್ಲಿ ಏನಾಯಿತೆಂದು ನನಗೆ ಹೇಳಿದವರು ಇವರೊಬ್ಬರೇ."

ಹಿರಿಯರು ಕೈಮುಗಿದರು. ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಕಾಕು ಆಗ ಆಕೆಯ ಮಡಿಲಲ್ಲಿ ಮುಖವಿಟ್ಟು ಅಳತೊಡಗಿದರು.